ಒಂದೇ ಪಾತ್ರೆ, ಬೇರೆ ಬೇರೆ ಅಳತೆ

ಮನೆಯಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ ಇದೆ ಎಂದು ಗೊತ್ತಾದ ಮರುದಿನದಿಂದ ಒಲೆಯ ಮೇಲೆ ಎರಡು ಪಾತ್ರೆ ಕೂರುತ್ತವೆ. ಒಂದು ಎಲ್ಲರಿಗೆ, ಇನ್ನೊಂದು ರೋಗಿಗೆ. ಅಜ್ಜನ ತಟ್ಟೆಯಲ್ಲಿ ಒಣ ರೊಟ್ಟಿ, ಸಪ್ಪೆ ಪಲ್ಲೆ. ಎದುರಿಗೆ ಕುಳಿತ ಮೊಮ್ಮಕ್ಕಳ ತಟ್ಟೆಯಲ್ಲಿ ಪಲಾವ್, ಶೀರಾ. ಹದಿನೈದು ದಿನ ಸಹಿಸಿಕೊಳ್ಳುತ್ತಾರೆ. ಆಮೇಲೆ ಬಸ್ ನಿಲ್ದಾಣದ ಹೊಟೇಲಿನಲ್ಲಿ ಬಜಿ ಮತ್ತು ಸಿಹಿ ಚಹಾ ಗುಟ್ಟಾಗಿ ಶುರುವಾಗುತ್ತದೆ. ಪಥ್ಯ ಮುರಿದು ಬೀಳುವುದು ಹೆಚ್ಚಾಗಿ ಹೀಗೆಯೇ.

ಇನ್ನೊಂದು ತಟ್ಟೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಎರಡೆರಡು ಅಡುಗೆ ಮಾಡಿ ಎಲ್ಲರಿಗೂ ಬಡಿಸಿದ ಸೊಸೆ ಕೊನೆಗೆ ಉಣ್ಣಲು ಕುಳಿತಾಗ ಪಾತ್ರೆಯಲ್ಲಿ ಏನು ಉಳಿದಿದೆ, ನೋಡಿದ್ದೀರಾ? ಕಾಳೆಲ್ಲ ಖಾಲಿಯಾಗಿ ತಿಳಿ ಸಾರು, ಒಂದಿಷ್ಟು ಚಟ್ನಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಪ್ರಮಾಣ ಶೇ. 67.

ಯುನಾನಿಯಲ್ಲಿ ಚಿಕಿತ್ಸೆಯ ನಾಲ್ಕು ಬಗೆಗಳಲ್ಲಿ ಆಹಾರ ಚಿಕಿತ್ಸೆಯೂ ಒಂದು. ಅದಕ್ಕೆ ಇಲಾಜ್ ಬಿಲ್ ಗಿಝಾ ಎನ್ನುತ್ತೇವೆ. ಪ್ರತಿಯೊಬ್ಬರ ಮಿಝಾಜ್ ಬೇರೆ ಎಂದೂ ಹೇಳುತ್ತೇವೆ. ಹಾಗಿದ್ದರೆ ಎಲ್ಲರಿಗೂ ಒಂದೇ ಅಡುಗೆ ಹೇಗೆ ಎಂದು ನೀವು ಕೇಳಬಹುದು. ಪಾತ್ರೆ ಒಂದೇ ಇರಲಿ, ಬಡಿಸುವ ಅಳತೆ ಬೇರೆ ಇರಲಿ. ಚಿಮ್ಮಡದಂಥ ಊರಿನಲ್ಲಿ ಇದಕ್ಕೆ ಹೊಸ ಸಾಮಾನು ತರುವ ಅಗತ್ಯವೂ ಇಲ್ಲ. ಜೋಳ, ಹೆಸರು, ಶೇಂಗಾ, ಅಗಸಿ, ಮೆಂತ್ಯ ಎಲ್ಲವೂ ಮನೆಯಲ್ಲೇ ಇವೆ.

ಕಿಚಡಿಯಿಂದಲೇ ಶುರು ಮಾಡಿ. ನಮ್ಮ ಮನೆಗಳಲ್ಲಿ ಮೂರು ಪಾಲು ಅಕ್ಕಿಗೆ ಒಂದು ಪಾಲು ಬೇಳೆ ಹಾಕುವುದು ರೂಢಿ. ಅಕ್ಕಿಯ ಬದಲು ಒಂದು ಬಟ್ಟಲು ಜೋಳದ ನುಚ್ಚು, ಅಷ್ಟೇ ಹೆಸರುಬೇಳೆ ತೆಗೆದುಕೊಳ್ಳಿ. ನುಚ್ಚನ್ನು ಒಂದು ಗಂಟೆ ನೆನೆಸಿ. ಎರಡು ಚಮಚ ಎಣ್ಣೆಯಲ್ಲಿ ಜೀರಿಗೆ, ಶುಂಠಿ, ಬೆಳ್ಳುಳ್ಳಿ, ಉಳ್ಳಾಗಡ್ಡಿ ಹುರಿದು, ಒಂದು ಸೂಡು ಮೆಂತ್ಯ ಸೊಪ್ಪು, ಅರಿಷಿಣ, ಉಪ್ಪು, ಆರು ಬಟ್ಟಲು ನೀರು ಸೇರಿಸಿ ಕುಕ್ಕರಿನಲ್ಲಿ ಐದಾರು ಸೀಟಿ ಹೊಡೆಸಿ. ನಾಲ್ಕೈದು ಜನರಿಗೆ ಸಾಕು. ಹಲ್ಲಿಲ್ಲದ ಅಜ್ಜಿಗೂ ಎರಡು ವರ್ಷದ ಮಗುವಿಗೂ ಇದೇ ನಡೆಯುತ್ತದೆ. ಮಗುವಿನ ಬಟ್ಟಲಿಗೆ ಒಂದು ಚಮಚ ತುಪ್ಪ ಹೆಚ್ಚು. ಸಕ್ಕರೆ ಕಾಯಿಲೆಯವರಿಗೆ ಒಂದು ಬಟ್ಟಲು ಕಿಚಡಿ, ಜೊತೆಗೆ ಒಂದು ಬಟ್ಟಲು ಸವತೆಕಾಯಿ ಕೋಸಂಬರಿ, ಮಜ್ಜಿಗೆ. ಜೋಳವೂ ಧಾನ್ಯವೇ, ಅಳತೆ ಮೀರಿದರೆ ಅದೂ ಸಕ್ಕರೆ ಏರಿಸುತ್ತದೆ.

ವಾರಕ್ಕೊಮ್ಮೆ ಮಾಂಸ ತರುವ ಮನೆಯಲ್ಲಿ ಒಂದು ಕಿಲೋ ತಂದು ಒಂದೇ ದಿನ ಮುಗಿಸುವ ಬದಲು ದಾಲ್ಚಾ ಮಾಡಿ. ಕಾಲು ಕಿಲೋ ಮಟನ್, ಒಂದು ಬಟ್ಟಲು ಕಡಲೆಬೇಳೆ, ಒಂದು ಸೋರೆಕಾಯಿ. ಬೇಳೆ ಸೊಪ್ಪುಗಳಲ್ಲಿರುವ ಕಬ್ಬಿಣದ ಅಂಶ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಜೊತೆಗೆ ತುಸು ಮಾಂಸವಿದ್ದರೆ, ಅಥವಾ ಲಿಂಬೆ ಹಿಂಡಿದರೆ, ಹೆಚ್ಚು ಹತ್ತುತ್ತದೆ. ಲಿಂಬೆಯನ್ನು ಕುದಿಯುವಾಗ ಹಿಂಡಬೇಡಿ, ತಟ್ಟೆಗೆ ಬಡಿಸಿದ ಮೇಲೆ ಹಿಂಡಿ. ಕಾವಿಗೆ ಅದರ ಸಿ ಜೀವಸತ್ವ ಹಾಳಾಗುತ್ತದೆ. ಮತ್ತೊಂದು ಮಾತು, ಇದನ್ನು ಅತ್ತೆಯಂದಿರು ಓದಲಿ: ಬಡಿಸುವ ಮೊದಲೇ ಸೊಸೆಯ ಪಾಲನ್ನು ಬೇಳೆ, ತುಂಡು ಸಮೇತ ಒಂದು ಬಟ್ಟಲಿಗೆ ತೆಗೆದು ಮುಚ್ಚಿಡಿ. ಆದರೆ ಕೈ, ಕಣ್ಣುರೆಪ್ಪೆ ಬಿಳಿಚಿಕೊಂಡಿದ್ದರೆ, ಮೆಟ್ಟಿಲು ಹತ್ತಿದರೆ ಏದುಸಿರು ಬಂದರೆ ಅಡುಗೆಯನ್ನೇ ನಂಬಿ ಕೂರಬೇಡಿ. ರಕ್ತ ಪರೀಕ್ಷೆ ಮಾಡಿಸಿ, ಗರ್ಭಿಣಿಯಾಗಿದ್ದರಂತೂ ಕಬ್ಬಿಣದ ಮಾತ್ರೆ ಬಿಡಬೇಡಿ.

ಇನ್ನು ಸಿಹಿ. ಕಬ್ಬಿನ ಸೀಮೆ ನಮ್ಮದು, ಮಹಾಲಿಂಗಪುರದ ಬೆಲ್ಲಕ್ಕೆ ದೂರದೂರದವರೆಗೆ ಹೆಸರು. ಆದ್ದರಿಂದಲೋ ಏನೋ, 'ಹಕೀಮಸಾಬ್, ಸಕ್ಕರೆ ಬಿಟ್ಟಿದ್ದೇನೆ, ಬರೀ ಬೆಲ್ಲ ತಿನ್ನುತ್ತೇನೆ' ಎನ್ನುವ ರೋಗಿಗಳು ಬಹಳ. ಬೆಲ್ಲದಲ್ಲಿಯೂ ಬಹುಪಾಲು ಸಕ್ಕರೆಯ ಅಂಶವೇ ಇರುತ್ತದೆ. ಜೇನು, ಖರ್ಜೂರಕ್ಕೂ ಈ ಎಚ್ಚರ ಅನ್ವಯ. ರಕ್ತದ ಸಕ್ಕರೆ ಬಣ್ಣ ನೋಡಿ ಏರುವುದಿಲ್ಲ.

ಮೊದಲು ಚಹಾದ ಲೆಕ್ಕ ಹಾಕಿ. ದಿನಕ್ಕೆ ನಾಲ್ಕು ಕಪ್ಪು, ಕಪ್ಪಿಗೆ ಎರಡು ಚಮಚ, ಚಮಚಕ್ಕೆ ಸುಮಾರು 5 ಗ್ರಾಂ ಎಂದರೆ ದಿನಕ್ಕೆ 40 ಗ್ರಾಂ, ತಿಂಗಳಿಗೆ ಒಂದು ಕಿಲೋ ಇನ್ನೂರು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ಆರೋಗ್ಯವಂತ ವಯಸ್ಕರಿಗೂ ಹೊರಗಿನಿಂದ ಸೇರಿಸುವ ಸಕ್ಕರೆ ದಿನಕ್ಕೆ 50 ಗ್ರಾಂ ಒಳಗಿರಬೇಕು, 25ಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಮಗ್ಗದ ಮುಂದೆ ಕುಳಿತು ಕೆಲಸ ಮಾಡುವ ಬನಹಟ್ಟಿ, ರಬಕವಿಯ ನೇಕಾರ ಅಣ್ಣಂದಿರು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಲಿ. ಚಹಾದಲ್ಲಿ ಉಳಿಸಿದ್ದನ್ನು ಮನೆಮಂದಿಯೊಂದಿಗೆ ಕುಳಿತು ತಿನ್ನುವ ಸಿಹಿಗೆ ಖರ್ಚು ಮಾಡುವುದು ನನ್ನ ದೃಷ್ಟಿಯಲ್ಲಿ ಜಾಣತನ.

ಗಜ್ಜರಿ ಖೀರು ಅಂಥದ್ದು. ಅರ್ಧ ಕಿಲೋ ಗಜ್ಜರಿ ತುರಿದು ಒಂದು ಚಮಚ ತುಪ್ಪದಲ್ಲಿ ಬಾಡಿಸಿ, ಒಂದು ಲೀಟರ್ ಹಾಲಿನಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಕುದಿಸಿ. ಏಲಕ್ಕಿ, ಎಂಟು ಹತ್ತು ಬಾದಾಮಿ ಅರೆದು ಹಾಕಿ. ಸಕ್ಕರೆಗೆ ಮೊದಲು ಅಜ್ಜನ ಅರ್ಧ ಬಟ್ಟಲು ತೆಗೆದಿಡಿ; ಗಜ್ಜರಿ ಮತ್ತು ಹಾಲಿನ ಸ್ವಂತ ಸಿಹಿಯೇ ಸಾಕು. ಉಳಿದದ್ದಕ್ಕೆ ನಾಲ್ಕು ಚಮಚ ಸಕ್ಕರೆ. ಅಜ್ಜ ಅದನ್ನು ಊಟದ ಜೊತೆಗೇ ತಿನ್ನಲಿ, ಆ ಹೊತ್ತಿಗೆ ಒಂದು ರೊಟ್ಟಿ ಕಡಿಮೆ ಮಾಡಲಿ. ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಊಟವನ್ನೇ ತಪ್ಪಿಸಬಾರದು, ಸಕ್ಕರೆ ಇಳಿದು ತಲೆಸುತ್ತು ಬಂದೀತು.

ಬೆಳಗಿನ ಹೊತ್ತಿಗೆ ತಲ್ಬೀನಾ. ಎರಡು ಚಮಚ ಬಾರ್ಲಿ ಹಿಟ್ಟನ್ನು ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಹತ್ತು ನಿಮಿಷ ಕುದಿಸಿ, ಅರ್ಧ ಲೋಟ ಹಾಲು ಸೇರಿಸಿ. ಅಂಗಡಿಯಲ್ಲಿ ಬಾರ್ಲಿ ಎಂದೇ ಕೇಳಿ, ನಮ್ಮ ಕಡೆಯ ಸದಕದ ಗೋಧಿಯೇ ಬೇರೆ. ಮಕ್ಕಳಿಗೆ ಒಂದು ಚಮಚ ಜೇನು ಬೆರೆಸಬಹುದು, ಒಂದು ವರ್ಷದೊಳಗಿನ ಕೂಸಿಗೆ ಮಾತ್ರ ಜೇನು ನೆಕ್ಕಿಸಲೂ ಬೇಡಿ.

ಖೀರು, ಕಿಚಡಿ ಉಳಿದರೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಲಿ. ನಮ್ಮ ಬೇಸಿಗೆಯಲ್ಲಿ ರಾತ್ರಿಯ ಕಿಚಡಿ ಬೆಳಗಿನವರೆಗೆ ಹೊರಗೆ ತಡೆಯುವುದಿಲ್ಲ. ಊಟವಾದ ಕೂಡಲೇ ಚಹಾ ಕುಡಿಯುವ ರೂಢಿಯಿದ್ದರೆ ಒಂದು ಗಂಟೆ ಮುಂದೂಡಿ. ಸೊಸೆಗೆಂದು ಎತ್ತಿಟ್ಟ ಬೇಳೆಯಲ್ಲಿದ್ದ ಕಬ್ಬಿಣದ ಅಂಶವನ್ನು ಆ ಚಹಾವೇ ಹೀರಿಕೊಳ್ಳಲು ಬಿಡುವುದಿಲ್ಲ.