ಮಿಶ್ರತಳಿ ಹಸುವಿಗೆ ಯಾವ ತಳಿಯ ಹೋರಿ?

ಬಿತ್ತನೆಗೆ ಮೊದಲು ಬೀಜ ಯಾವ ತಳಿಯದು, ಎಲ್ಲಿಂದ ಬಂದದ್ದು, ನಮ್ಮ ಭೂಮಿಗೆ ಹೊಂದುತ್ತದೆಯೇ ಎಂದು ನಾಲ್ಕು ಜನರನ್ನು ವಿಚಾರಿಸುವ ರೈತರು, ಹಸು ಬೆದೆಗೆ ಬಂದಾಗ ಮಾತ್ರ “ಯಾವುದಾದರೂ ಹಾಕಿ ಸ್ವಾಮಿ, ಹಾಲು ಜಾಸ್ತಿ ಬಂದರೆ ಸಾಕು” ಎಂದುಬಿಡುತ್ತಾರೆ. ರಾಗಿ ಬೀಜದಲ್ಲಿ ತಪ್ಪಿದರೆ ಹಾಳಾಗುವುದು ಒಂದು ಮುಂಗಾರು. ಹೋರಿಯ ಆಯ್ಕೆಯಲ್ಲಿ ತಪ್ಪಿದರೆ? ಇಂದು ಗರ್ಭಧಾರಣೆ ಮಾಡಿಸಿದರೆ ಕರು ಹುಟ್ಟಲು ಒಂಬತ್ತು ತಿಂಗಳು ಹತ್ತು ದಿನ ಬೇಕು. ಅದು ಬೆಳೆದು ತಾನೇ ಕರು ಹಾಕಿ ಹಾಲು ಕೊಡಲು ಇನ್ನೂ ಎರಡೂವರೆ ಮೂರು ವರ್ಷ. ಅಂದರೆ ನಮ್ಮ ತಪ್ಪು ನಮಗೆ ತಿಳಿಯುವ ಹೊತ್ತಿಗೆ ಮೂರೂವರೆ ವರ್ಷ ಕಳೆದಿರುತ್ತದೆ. ಅಷ್ಟು ದಿನದ ಮೇವು, ಹಿಂಡಿ, ದುಡಿಮೆ ಎಲ್ಲ ಖರ್ಚಾಗಿರುತ್ತದೆ.

ನಾನು ಪಶುವೈದ್ಯನಲ್ಲ, ಬೇಸಾಯಶಾಸ್ತ್ರದವನು. ಆದರೂ ಈ ವಿಷಯ ಬರೆಯಲು ಕಾರಣ ನಮ್ಮ ಮನೆಯ ಕೊಟ್ಟಿಗೆಯಲ್ಲೇ ಇದೆ. ನಮ್ಮದು ಮಳೆ ನಂಬಿದ ಊರು. ನಮ್ಮ ತಂದೆಯವರು ನಾಟಿ ಹಸುವಿಗೆ ಎಚ್.ಎಫ್. ಹೋರಿಯ ವೀರ್ಯ ಹಾಕಿಸಿ ಒಂದು ಒಳ್ಳೆಯ ಹಸುವನ್ನು ಪಡೆದರು. ದಿನಕ್ಕೆ ಎಂಟು ಲೀಟರು ಹಾಲು, ವರ್ಷಕ್ಕೊಂದು ಕರು, ಕಾಯಿಲೆ ಕಸಾಲೆ ಇಲ್ಲ. ಅದರ ಮಗಳಿಗೂ ಎಚ್.ಎಫ್., ಮೊಮ್ಮಗಳಿಗೂ ಎಚ್.ಎಫ್. ಹಾಕಿಸಿದರು. ಮೊಮ್ಮಗಳು ಒಳ್ಳೆಯ ತಿಂಗಳುಗಳಲ್ಲಿ ಹದಿನಾಲ್ಕು ಲೀಟರು ಕರೆದದ್ದು ನಿಜ. ಆದರೆ ಗಬ್ಬ ನಿಲ್ಲಲು ನಾಲ್ಕು ಸಲ ವೀರ್ಯ ಹಾಕಿಸಬೇಕಾಯಿತು. 2003ರ ಬರಗಾಲದಲ್ಲಿ ಹಸಿ ಮೇವು ಒಣಗಿತು, ಹಸು ಸೊರಗಿತು. ಆ ಬೇಸಿಗೆಯಲ್ಲೇ ಉಣ್ಣೆ ಜ್ವರ ಬಂದು ಸತ್ತಿತು. ಸಂಘದ ಸಾಲ ಉಳಿಯಿತು. ಆಗ ನಾನು ಕೃಷಿ ಪದವಿ ಓದುತ್ತಿದ್ದೆ. ಮೇವಿನ ಲೆಕ್ಕ ಬಲ್ಲವನಾಗಿಯೂ ಹೋರಿಯ ಲೆಕ್ಕ ನನಗೆ ಹೊಳೆದಿರಲಿಲ್ಲ. ಆ ಲೆಕ್ಕವನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ.

ರಕ್ತದ ಲೆಕ್ಕ

ಕರುವಿಗೆ ಅರ್ಧ ಗುಣ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತದೆ. ಆದುದರಿಂದ ತಾಯಿಯಲ್ಲಿರುವ ವಿದೇಶಿ ರಕ್ತದ ಶೇಕಡಾ ಪ್ರಮಾಣಕ್ಕೆ ಹೋರಿಯದನ್ನು ಕೂಡಿಸಿ ಎರಡರಿಂದ ಭಾಗಿಸಿದರೆ ಕರುವಿನ ಪ್ರಮಾಣ ಸಿಗುತ್ತದೆ. ಶುದ್ಧ ಎಚ್.ಎಫ್. ಅಥವಾ ಜರ್ಸಿ ಹೋರಿ 100. ನಾಟಿ ಹಸು, ಸಾಹಿವಾಲ್, ಗಿರ್ ಮುಂತಾದವು 0.

ನಾಟಿ ಹಸು × ಶುದ್ಧ ವಿದೇಶಿ ಹೋರಿ = ಶೇ. 50
ಶೇ. 50ರ ಹಸು × ಶುದ್ಧ ವಿದೇಶಿ ಹೋರಿ = ಶೇ. 75
ಶೇ. 75ರ ಹಸು × ಶುದ್ಧ ವಿದೇಶಿ ಹೋರಿ = ಶೇ. 87.5
ಶೇ. 50ರ ಹಸು × ಶೇ. 50ರ ಮಿಶ್ರತಳಿ ಹೋರಿ = ಶೇ. 50
ಶೇ. 75ರ ಹಸು × ಶೇ. 50ರ ಮಿಶ್ರತಳಿ ಹೋರಿ = ಶೇ. 62.5
ಶೇ. 87.5ರ ಹಸು × ಶೇ. 50ರ ಮಿಶ್ರತಳಿ ಹೋರಿ = ಸುಮಾರು ಶೇ. 69
ಶೇ. 87.5ರ ಹಸು × ಸಾಹಿವಾಲ್ ಹೋರಿ = ಸುಮಾರು ಶೇ. 44

ನಮ್ಮ ಹವೆಯಲ್ಲಿ, ರೈತರ ಸಾಧಾರಣ ಸಾಕಣೆಯಲ್ಲಿ ಶೇ. 50ರಿಂದ 62.5ರವರೆಗಿನ ವಿದೇಶಿ ರಕ್ತ ಕ್ಷೇಮಕರ. ನೀರಾವರಿ ಮೇವು, ತಂಪಾದ ಕೊಟ್ಟಿಗೆ, ಹತ್ತಿರದಲ್ಲಿ ವೈದ್ಯರ ಸೌಕರ್ಯ ಇದ್ದವರು ಶೇ. 75ರವರೆಗೆ ಹೋಗಬಹುದು. ಅದಕ್ಕಿಂತ ಮೇಲೆ ಹೋದಂತೆ ಹಾಲಿನ ಆಸೆ ಬೆಳೆಯುತ್ತದೆಯೇ ಹೊರತು ಕೈಗೆ ಸಿಗುವ ಲಾಭ ಬೆಳೆಯುತ್ತದೆಂಬ ಭರವಸೆ ಇಲ್ಲ. ಬ್ರೆಜಿಲ್ ದೇಶದ ಬಿಸಿ ಪ್ರದೇಶಗಳಲ್ಲಿ ಹೆಸರಾದ ಗಿರೋಲಾಂಡೊ ತಳಿಯಲ್ಲಿ ಎಂಟರಲ್ಲಿ ಐದು ಪಾಲು ಎಚ್.ಎಫ್., ಮೂರು ಪಾಲು ನಮ್ಮ ಗುಜರಾತಿನ ಗಿರ್. ನಮ್ಮ ದೇಶದಲ್ಲಿ ಸಾಹಿವಾಲ್ ಮತ್ತು ಎಚ್.ಎಫ್. ಕೂಡಿಸಿ ರೂಪಿಸಿದ ಫ್ರೀಸ್ವಾಲ್‌ನಲ್ಲಿಯೂ ಇದೇ ಪ್ರಮಾಣ, ಅಂದರೆ ಶೇ. 62.5.

ಮೊದಲ ಪೀಳಿಗೆಯ ಹುರುಪು ಏಕೆ ಉಳಿಯುವುದಿಲ್ಲ?

ಹೈಬ್ರಿಡ್ ಜೋಳ ಬೆಳೆದವರಿಗೆ ಇದು ಹೊಸದಲ್ಲ. ಹೈಬ್ರಿಡ್ ಬೆಳೆಯ ಕಾಳನ್ನೇ ಮರುವರ್ಷ ಬಿತ್ತಿದರೆ ಮೊದಲಿನ ಇಳುವರಿ ಬರುವುದಿಲ್ಲ. ದೂರದ ಎರಡು ತಳಿಗಳನ್ನು ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಕಾಣುವ ಸಂಕರ ಹುರುಪು ಮುಂದಿನ ಪೀಳಿಗೆಯಲ್ಲಿ ಕುಗ್ಗುತ್ತದೆ. ಹಸುವಿನಲ್ಲೂ ಹಾಗೆಯೇ. ಶೇ. 50ರ ಮೊದಲ ಪೀಳಿಗೆಯಲ್ಲಿ ಹುರುಪು ಪೂರ್ಣ. ಅದಕ್ಕೆ ಮತ್ತೆ ಶುದ್ಧ ಎಚ್.ಎಫ್. ಕೂಡಿಸಿದರೆ ಮಗಳಲ್ಲಿ ಹುರುಪು ಅರ್ಧ, ಮೊಮ್ಮಗಳಲ್ಲಿ ಕಾಲು ಭಾಗ. ಹಾಲಿನ ಸಾಮರ್ಥ್ಯ ಏರುತ್ತಿರುವಾಗಲೇ ಬಿಸಿಲು ತಡೆಯುವ, ಉಣ್ಣೆ ಜ್ವರ ತಡೆಯುವ, ಸಕಾಲಕ್ಕೆ ಗಬ್ಬ ನಿಲ್ಲುವ ಗುಣಗಳು ಇಳಿಯುತ್ತಿರುತ್ತವೆ.

ಹಾಗಾದರೆ ಮಿಶ್ರತಳಿ ಹಸುವಿಗೆ ಮಿಶ್ರತಳಿ ಹೋರಿ ಕೂಡಿಸಿದರೆ? ಅಲ್ಲಿಯೂ ಹುರುಪು ಅರ್ಧಕ್ಕೆ ಇಳಿಯುತ್ತದೆ. ಆದರೆ ರಕ್ತದ ಪ್ರಮಾಣ ಏರದೆ ನಿಲ್ಲುತ್ತದೆ. ಹುರುಪು ಮುಂದಿನ ಪೀಳಿಗೆಗಳಲ್ಲಿ ಇನ್ನೂ ಅರ್ಧವಾಗುತ್ತಾ ಹೋಗುವುದಿಲ್ಲ. ಉಳಿದ ಕೊರತೆಯನ್ನು ಆಯ್ಕೆಯಿಂದ ತುಂಬಬೇಕು. ಭಾರತದ ಮತ್ತು ಆಫ್ರಿಕದ ರಾಗಿಗಳನ್ನು ಕೂಡಿಸಿ, ಪೀಳಿಗೆಯಿಂದ ಪೀಳಿಗೆಗೆ ಒಳ್ಳೆಯದನ್ನೇ ಆಯ್ದು ಇಂಡಾಫ್ ತಳಿಗಳನ್ನು ಸ್ಥಿರಗೊಳಿಸಿದ್ದು ನಿಮಗೆ ಗೊತ್ತು. ದಾಖಲೆಯುಳ್ಳ ಮಿಶ್ರತಳಿ ಹೋರಿಯನ್ನು ಬಳಸುವುದರ ಉದ್ದೇಶವೂ ಅದೇ. ಇಲ್ಲಿ “ದಾಖಲೆಯುಳ್ಳ” ಎಂಬ ಮಾತು ಮುಖ್ಯ. ಊರಲ್ಲಿ ತಿರುಗುವ ಸೀಮೆ ಹೋರಿಯೂ ಮಿಶ್ರತಳಿಯೇ, ಆದರೆ ಅದರ ತಾಯಿ ಎಷ್ಟು ಹಾಲು ಕರೆದಿತ್ತೆಂದು ಹೇಳುವವರಿಲ್ಲ.

ಹೋರಿ ತಳಿಗಳ ಗುಣಾವಗುಣ

ಎಚ್.ಎಫ್.: ಹಾಲೆಂಡ್ ಮೂಲದ ಕಪ್ಪು ಬಿಳುಪಿನ ದೊಡ್ಡ ತಳಿ. ಹಾಲಿನ ಪ್ರಮಾಣದಲ್ಲಿ ಇದನ್ನು ಮೀರಿಸುವುದಿಲ್ಲ. ಜಿಡ್ಡಿನಂಶ ಕಡಿಮೆ, ಮೇವು ಹೆಚ್ಚು, ಬಿಸಿಲು ತಡೆಯದು. ಶುದ್ಧ ಎಚ್.ಎಫ್. ಕರು ಹುಟ್ಟುವಾಗಲೇ ಸುಮಾರು 40 ಕಿಲೋ ತೂಗುವುದರಿಂದ ಸಣ್ಣ ಮೈಕಟ್ಟಿನ ಹಸು, ಕಡಸುಗಳಿಗೆ ಈಯುವಾಗ ಕಷ್ಟ.

ಜರ್ಸಿ: ಇಂಗ್ಲಿಷ್ ಕಾಲುವೆಯ ಜರ್ಸಿ ದ್ವೀಪದ ಕಂದು ಬಣ್ಣದ ಸಣ್ಣ ತಳಿ. ಹಾಲು ಎಚ್.ಎಫ್.ಗಿಂತ ಕಡಿಮೆ, ಜಿಡ್ಡು ಹೆಚ್ಚು. ಕಡಸು ಬೇಗ ಬೆದೆಗೆ ಬರುತ್ತದೆ, ಕರು ಸಣ್ಣದಾದ್ದರಿಂದ ಈಯುವುದು ಸುಲಭ, ಸೆಕೆಯನ್ನು ಎಚ್.ಎಫ್.ಗಿಂತ ಚೆನ್ನಾಗಿ ತಡೆಯುತ್ತದೆ. ಮೇವು ಕಡಿಮೆ ಇರುವವರಿಗೆ, ಮಲೆನಾಡು ಕರಾವಳಿಯವರಿಗೆ ಒಪ್ಪುವಂಥದು.

ಸಾಹಿವಾಲ್, ಗಿರ್, ಕೆಂಪು ಸಿಂಧಿ: ಇವು ನಮ್ಮ ಉಪಖಂಡದ ಹಾಲಿನ ತಳಿಗಳು. ವಿದೇಶಿ ರಕ್ತ ವಿಪರೀತ ಏರಿದ ಹಸುವಿಗೆ ಇವನ್ನು ಕೂಡಿಸಿದರೆ ಹುರುಪು ಮತ್ತೆ ಏರುತ್ತದೆ, ಬಿಸಿಲು ಮತ್ತು ರೋಗ ತಡೆಯುವ ಶಕ್ತಿ ಮರಳುತ್ತದೆ. ಹಾಲು ಮಾತ್ರ ತಾಯಿಗಿಂತ ಕಡಿಮೆಯಾಗುವುದನ್ನು ಒಪ್ಪಿಕೊಂಡೇ ಮಾಡಬೇಕು.

ಮೇವಿನ ಲೆಕ್ಕ ಮೊದಲು

ಹೋರಿ ಆರಿಸುವ ಮುನ್ನ ನಿಮ್ಮ ಹೊಲ ನೋಡಿ. ಮಿಶ್ರತಳಿ ಹಸುವಿಗೆ ದಿನಕ್ಕೆ ದೇಹತೂಕದ ಸುಮಾರು ಶೇ. 3ರಷ್ಟು ಒಣ ಪದಾರ್ಥ ಬೇಕು. ಅದರಲ್ಲಿ ಮೂರನೆಯ ಎರಡು ಪಾಲು ಮೇವಿನಿಂದ, ಒಂದು ಪಾಲು ಹಿಂಡಿ ಬೂಸಾಗಳಿಂದ ಬರಲಿ. ಮೇವಿನಲ್ಲಿ ಅರ್ಧ ಹಸಿ, ಅರ್ಧ ಒಣ ಎಂದಿಟ್ಟುಕೊಳ್ಳೋಣ.

450 ಕಿಲೋ ತೂಕದ ಎಚ್.ಎಫ್. ಮಿಶ್ರತಳಿ ಹಸುವಿಗೆ 13.5 ಕಿಲೋ ಒಣ ಪದಾರ್ಥ. ಇದರಲ್ಲಿ ಮೇವಿನ ಪಾಲು 9 ಕಿಲೋ. ಹಸಿ ಮೇವಿನಲ್ಲಿ ಒಣ ಪದಾರ್ಥ ಐದನೆಯ ಒಂದು ಪಾಲು ಮಾತ್ರ. ಹಾಗಾಗಿ ದಿನಕ್ಕೆ ಹಸಿ ಮೇವು 22.5 ಕಿಲೋ, ರಾಗಿ ಹುಲ್ಲು 5 ಕಿಲೋ, ಹಿಂಡಿ ಮಿಶ್ರಣ 5 ಕಿಲೋ ಬೇಕಾಯಿತು. ವರ್ಷಕ್ಕೆ ಹಸಿ ಮೇವು 8 ಟನ್ನಿಗೂ ಮೀರಿತು.

350 ಕಿಲೋ ತೂಕದ ಜರ್ಸಿ ಮಿಶ್ರತಳಿಗೆ ಇದೇ ಲೆಕ್ಕದಲ್ಲಿ ದಿನಕ್ಕೆ ಹಸಿ ಮೇವು 17.5 ಕಿಲೋ, ಒಣ ಹುಲ್ಲು 4 ಕಿಲೋ, ಹಿಂಡಿ ಮಿಶ್ರಣ 4 ಕಿಲೋ. ವರ್ಷಕ್ಕೆ ಹಸಿ ಮೇವು ಸುಮಾರು 6.4 ಟನ್.

ನೀರಾವರಿಯಲ್ಲಿ ಸಾಧಾರಣ ಆರೈಕೆಯ ಹೈಬ್ರಿಡ್ ನೇಪಿಯರ್ ಹುಲ್ಲು ಎಕರೆಗೆ ವರ್ಷಕ್ಕೆ 64 ಟನ್ ಬರುತ್ತದೆಂದರೆ ಗುಂಟೆಗೆ 1.6 ಟನ್. ಎಚ್.ಎಫ್. ಮಿಶ್ರತಳಿಗೆ ಐದು ಗುಂಟೆ, ಜರ್ಸಿ ಮಿಶ್ರತಳಿಗೆ ನಾಲ್ಕು ಗುಂಟೆ. ಅಂಚಿನಲ್ಲಿ ಅಲಸಂದೆಯನ್ನೋ ಕುದುರೆ ಮಸಾಲೆಯನ್ನೋ ಬೆಳೆದರೆ ಹಿಂಡಿಯ ಖರ್ಚು ಇಳಿಯುತ್ತದೆ. ಇಷ್ಟು ಗುಂಟೆಗೆ ಮಾರ್ಚ್ ಏಪ್ರಿಲ್‌ನಲ್ಲೂ ನೀರು ಉಂಟೇ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇಲ್ಲವಾದರೆ ದೊಡ್ಡ ಹಸುವಿನ ಆಸೆ ಬಿಡುವುದೇ ಲೇಸು. ಅರೆಹೊಟ್ಟೆಯ ದೊಡ್ಡ ಹಸು ಹೊಟ್ಟೆ ತುಂಬಿದ ಸಣ್ಣ ಹಸುವಿನಷ್ಟು ಹಾಲನ್ನೂ ಕೊಡದು, ಗಬ್ಬವನ್ನೂ ಕಟ್ಟದು.

ಹಾಲಿನ ದರದ ಮಾತೂ ಉಂಟು. ದಿನಕ್ಕೆ 12 ಲೀಟರು ಶೇ. 3.6 ಜಿಡ್ಡಿನ ಹಾಲಿನಲ್ಲಿ ಎಷ್ಟು ಜಿಡ್ಡಿದೆಯೋ, 9.5 ಲೀಟರು ಶೇ. 4.6 ಜಿಡ್ಡಿನ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆದರೆ ಸಂಘವು ಲೀಟರಿಗೆ ಎಷ್ಟು, ಹೆಚ್ಚಿನ ಜಿಡ್ಡಿಗೆ ಎಷ್ಟು, ಎಸ್.ಎನ್.ಎಫ್.ಗೆ ಎಷ್ಟು ಕೊಡುತ್ತದೆಂಬುದರ ಮೇಲೆ ಲಾಭ ನಿಂತಿದೆ. ದರಪಟ್ಟಿ ಕೇಳಿ, ಮೇವಿನ ಖರ್ಚು ಕಳೆದು, ಆಮೇಲೆ ತಳಿ ನಿರ್ಧರಿಸಿ.

ಯಾವ ಹಸುವಿಗೆ ಯಾವ ಹೋರಿ?

1. ತಳಿ ಗುರುತಿಲ್ಲದ ನಾಟಿ ಹಸು: ಮೈಕಟ್ಟು ಸಣ್ಣದಿದ್ದರೆ ಜರ್ಸಿ; ದೊಡ್ಡದಿದ್ದು ನೀರಾವರಿ ಮೇವಿದ್ದರೆ ಎಚ್.ಎಫ್.

2. ಶೇ. 50ರ ಹಸು: ಮಳೆ ಆಶ್ರಯದವರು ಶೇ. 50ರಿಂದ 62.5ರ ಮಿಶ್ರತಳಿ ಹೋರಿಯನ್ನೇ ಆರಿಸಲಿ. ಮೇವು, ನೀರು, ಆರೈಕೆ ಮೂರೂ ಇದ್ದವರು ಮಾತ್ರ ಒಂದು ಸಲ ಶುದ್ಧ ಹೋರಿ ಬಳಸಿ ಶೇ. 75ಕ್ಕೆ ಹೋಗಬಹುದು.

3. ಶೇ. 75ರ ಹಸು: ಮಿಶ್ರತಳಿ ಹೋರಿ. ಶುದ್ಧ ವಿದೇಶಿ ಹೋರಿ ಇನ್ನು ಬೇಡ.

4. ಶೇ. 87.5 ಮತ್ತು ಮೇಲ್ಪಟ್ಟ ಹಸು: ಚೆನ್ನಾಗಿ ನಡೆಯುತ್ತಿದ್ದರೆ ಮಿಶ್ರತಳಿ ಹೋರಿ. ಬೇಸಿಗೆಯಲ್ಲಿ ಏದುತ್ತಾ, ಪದೇ ಪದೇ ಗಬ್ಬ ನಿಲ್ಲದೆ, ಜ್ವರಕ್ಕೆ ಬೀಳುತ್ತಿದ್ದರೆ ಸಾಹಿವಾಲ್ ಅಥವಾ ಗಿರ್.

5. ಸಣ್ಣ ಮೈಕಟ್ಟಿನ ಕಡಸು: ಮೊದಲ ಸಲಕ್ಕೆ ಎಚ್.ಎಫ್. ಬೇಡ. ತೂಕವೂ ಮುಖ್ಯ, ಜರ್ಸಿ ಮಿಶ್ರತಳಿ ಕಡಸು ಸುಮಾರು 225 ಕಿಲೋ, ಎಚ್.ಎಫ್. ಮಿಶ್ರತಳಿ 250 ಕಿಲೋ ಆಗುವವರೆಗೆ ಗರ್ಭಧಾರಣೆ ಮಾಡಿಸಬೇಡಿ.

6. ಲಕ್ಷಣವಾದ ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ದೇವಣಿ, ಮಲೆನಾಡು ಗಿಡ್ಡ: ಇವಕ್ಕೆ ಅದೇ ತಳಿಯ ಹೋರಿ. ಒಮ್ಮೆ ಬೆರೆತ ತಳಿಯನ್ನು ಮತ್ತೆ ಶುದ್ಧ ಮಾಡುವುದು ನಮ್ಮ ಕಾಲದಲ್ಲಿ ಆಗುವ ಕೆಲಸವಲ್ಲ.

ನಿಮ್ಮ ಹಸುವಿನ ರಕ್ತದ ಪ್ರಮಾಣ ತಿಳಿಯದಿದ್ದರೆ ಬಣ್ಣ ನೋಡಿ ಅಳೆಯಬೇಡಿ. ಶೇ. 50ರ ಹಸುವೂ ಕಪ್ಪು ಬಿಳುಪಾಗಿರಬಹುದು. ಹಿಣಿಲು ಪೂರ್ತಿ ಮಾಯವಾಗಿ, ಗಂಗೆದೊಗಲು ತೀರಾ ಕಿರಿದಾಗಿದ್ದರೆ ವಿದೇಶಿ ರಕ್ತ ಹೆಚ್ಚಿದೆಯೆಂದು ಊಹಿಸಬಹುದು. ಅದರ ತಾಯಿ, ಅಜ್ಜಿಗೆ ಯಾವ ವೀರ್ಯ ಹಾಕಿಸಿದ್ದಿರೆಂದು ನೆನಪು ಮಾಡಿಕೊಳ್ಳುವುದು ಇನ್ನೂ ಮೇಲು.

ವೀರ್ಯದ ಕಡ್ಡಿಯನ್ನು ಓದಿ

ಗರ್ಭಧಾರಣೆಗೆ ಬಳಸುವ ಕಡ್ಡಿಯ ಮೇಲೆ ಹೋರಿಯ ತಳಿ, ಹೋರಿಯ ಸಂಖ್ಯೆ, ತಯಾರಾದ ದಿನಾಂಕ ಅಚ್ಚಾಗಿರುತ್ತವೆ. ಅದನ್ನು ಹಸುವಿನ ಕಿವಿಯೋಲೆಯ 12 ಅಂಕಿಗಳ ಸಂಖ್ಯೆಯೊಡನೆ ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಒಂದೇ ಹೋರಿಯ ವೀರ್ಯವನ್ನು ತಾಯಿಗೂ ಅದರಿಂದ ಹುಟ್ಟಿದ ಮಗಳಿಗೂ ಹಾಕಿಸಿದರೆ ರಕ್ತಸಂಬಂಧದ ದೋಷದಿಂದ ಕರು ನಿಶ್ಶಕ್ತವಾಗುತ್ತದೆ. ಪುಸ್ತಕ ಇಲ್ಲದ ಮನೆಯಲ್ಲಿ ಈ ತಪ್ಪು ಗೊತ್ತಿಲ್ಲದೆ ನಡೆದುಹೋಗುತ್ತದೆ.

ಹೋರಿಯ ಮೈಬಣ್ಣ ಮುಖ್ಯವಲ್ಲ. ಅದರ ತಾಯಿಯ ಹಾಲಿನ ದಾಖಲೆ, ಸಾಧ್ಯವಾದರೆ ಅದರ ಹೆಣ್ಣುಮಕ್ಕಳ ಹಾಲಿನ ದಾಖಲೆ ಮುಖ್ಯ. ಈಗ ಲಿಂಗ ನಿರ್ಧರಿತ ವೀರ್ಯವೂ ಸಿಗುತ್ತಿದ್ದು, ಹುಟ್ಟುವ ಹತ್ತು ಕರುಗಳಲ್ಲಿ ಸುಮಾರು ಒಂಬತ್ತು ಹೆಣ್ಣಾಗಿರುತ್ತವೆ. ಗಬ್ಬ ಕಟ್ಟುವ ಪ್ರಮಾಣ ಸಾಮಾನ್ಯ ವೀರ್ಯಕ್ಕಿಂತ ಸ್ವಲ್ಪ ಕಡಿಮೆಯಾದ್ದರಿಂದ, ಚೆನ್ನಾಗಿ ಬೆಳೆದ ಕಡಸು ಮತ್ತು ಸರಿಯಾಗಿ ಬೆದೆಗೆ ಬರುವ ಹಸುಗಳಿಗೆ ಮಾತ್ರ ಬಳಸಿ.

ಕೊನೆಯದಾಗಿ ಒಂದು ಮಾತು. ಬೆದೆಗೆ ಬಂದ ದಿನ ಹೋರಿ ಹುಡುಕಲು ಹೊರಟರೆ ಆ ದಿನ ಡಬ್ಬಿಯಲ್ಲಿ ಇದ್ದದ್ದೇ ಸಿಗುತ್ತದೆ. ಹಸು ಕರು ಹಾಕಿ ಎರಡು ತಿಂಗಳ ನಂತರ ಗರ್ಭಧಾರಣೆ ಮಾಡಿಸುವುದು ವಾಡಿಕೆ. ಆ ಎರಡು ತಿಂಗಳಲ್ಲಿ ಈ ಲೆಕ್ಕ ಹಾಕಿ, ಬೇಕಾದ ತಳಿಯನ್ನು ಪಶು ಆಸ್ಪತ್ರೆಯಲ್ಲೋ ಹಾಲಿನ ಸಂಘದಲ್ಲೋ ಮುಂಚಿತವಾಗಿ ತಿಳಿಸಿಡಿ. ನಿಮ್ಮ ಕೊಟ್ಟಿಗೆಯ ಹಸುವಿನ ರಕ್ತದ ಪ್ರಮಾಣ ಎಷ್ಟು, ಬೇಸಿಗೆಯಲ್ಲಿ ನೀರು ಉಳಿಯುವ ಗುಂಟೆ ಎಷ್ಟು ಎಂಬ ಎರಡು ಅಂಕಿಗಳನ್ನು ಇಂದೇ ಬರೆದುಕೊಳ್ಳಿ. ಯಾವ ಹೋರಿ ಎಂಬ ಪ್ರಶ್ನೆಗೆ ಉತ್ತರ ಅವೆರಡರಲ್ಲೇ ಇದೆ.