ಥೈರಾಯ್ಡ್ ಆಪರೇಷನ್ ನಂತರ ಬೆರಳು ಜುಮ್ಮೆಂದರೆ ತಡಮಾಡಬೇಡಿ

ಕೆಲವು ವರ್ಷಗಳ ಹಿಂದಿನ ಮಾತು. ಮಗ್ರಿಬ್ ನಮಾಝ್ ಮುಗಿಸಿ ಗುಂಡ್ಲುಪೇಟೆಯ ನನ್ನ ಕ್ಲಿನಿಕ್ ಬಾಗಿಲು ತೆರೆಯುವಾಗಲೇ, ಹತ್ತಿರದ ಹಳ್ಳಿಯ ಕುಟುಂಬವೊಂದು ಮನೆಯ ಸೊಸೆಯನ್ನು ಕರೆತಂದಿತು. ಗಳಗಂಡಕ್ಕಾಗಿ ಥೈರಾಯ್ಡ್ ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡು ಹಿಂದಿನ ದಿನವಷ್ಟೇ ಆಕೆ ಮನೆಗೆ ಮರಳಿದ್ದರು. ಬೆಳಿಗ್ಗೆಯಿಂದ ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮುಜುಮು. ಸಂಜೆಗೆ ಎರಡೂ ಕೈ ಸೆಟೆದು, ಬಳೆ ತೊಡಿಸಿಕೊಳ್ಳುವಾಗ ಬೆರಳು ಕೂಡಿಸಿ ಹಿಡಿಯುತ್ತಾರಲ್ಲ, ಹಾಗೆ ಮುದುಡಿದ್ದವು. "ಹಕೀಂ ಸಾಬ್, ನಜರ್ ಆಗಿದೆ. ಊಟವೂ ಸರಿಯಾಗಿಲ್ಲ. ತಾಕತ್ತಿಗೆ ಏನಾದರೂ ಕೊಡಿ" ಎಂದರು ಅತ್ತೆ. ನಾನು ಯಾವ ಔಷಧವನ್ನೂ ಕೊಡದೆ, ಅದೇ ಕಾರಿನಲ್ಲಿ ಆಸ್ಪತ್ರೆಗೆ ಕಳಿಸಿದೆ. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಇಳಿದಿತ್ತು. ಡ್ರಿಪ್ ಮೂಲಕ ಕ್ಯಾಲ್ಸಿಯಂ ಹೋದ ಮೇಲೆ ಬೆರಳುಗಳು ಬಿಡಿಸಿಕೊಂಡವು.

ನಾಲ್ಕು ಪುಟ್ಟ ಗ್ರಂಥಿಗಳು

ಥೈರಾಯ್ಡ್‌ನ ಹಿಂಬದಿಗೆ ಅಂಟಿಕೊಂಡಂತೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಒಂದೊಂದೂ ಅಕ್ಕಿಕಾಳಿನಷ್ಟು. ಹೆಸರು ಹತ್ತಿರವಾದರೂ ಕೆಲಸ ಬೇರೆ: ರಕ್ತದ ಕ್ಯಾಲ್ಸಿಯಂ ಅನ್ನು ಹದದಲ್ಲಿಡುವುದು. ಅದು ಪ್ರತಿ 100 ಮಿ.ಲೀ. ರಕ್ತದಲ್ಲಿ ಸುಮಾರು 8.5ರಿಂದ 10.5 ಮಿ.ಗ್ರಾಂ ಇರಬೇಕು. ಇಳಿದರೆ ನರ ಮತ್ತು ಸ್ನಾಯುಗಳು ಕೆರಳುತ್ತವೆ.

ಕುರ್ತುಬಾದ ಅಬುಲ್ ಕಾಸಿಂ ಅಲ್-ಝಹ್ರಾವಿ ಸಾವಿರ ವರ್ಷಗಳ ಹಿಂದೆಯೇ 'ಅತ್ತಸ್ರೀಫ್' ಗ್ರಂಥದಲ್ಲಿ ಗಂಟಲ ಗಡ್ಡೆಯ ಶಸ್ತ್ರಚಿಕಿತ್ಸೆಯ ಅಪಾಯವನ್ನು ಎಚ್ಚರಿಸಿದ್ದರು. ಆದರೆ ಮನುಷ್ಯರಲ್ಲಿ ಈ ಪುಟ್ಟ ಗ್ರಂಥಿಗಳನ್ನು ಗುರುತಿಸಿ ಬರೆದದ್ದು 1880ರಲ್ಲಿ, ಸ್ವೀಡನ್ನಿನ ಐವಾರ್ ಸಾಂಡ್‌ಸ್ಟ್ರೋಮ್.

ಸರ್ಜನ್ ಹೇಗೆ ಕಾಪಾಡುತ್ತಾರೆ?

ಇವು ಕೊಬ್ಬಿನಂತೆಯೇ ಕಾಣುವುದರಿಂದ ಗುರುತಿಸುವುದೇ ಕಷ್ಟ. ಗುರುತಿಸಿದರೂ ಸಾಲದು, ಅವುಗಳಿಗೆ ರಕ್ತ ತರುವ ಕೂದಲೆಳೆಯಂಥ ನಾಳಗಳೂ ಉಳಿಯಬೇಕು. ಆದ್ದರಿಂದ ರಕ್ತನಾಳಗಳನ್ನು ಥೈರಾಯ್ಡ್‌ಗೆ ತೀರಾ ಹತ್ತಿರದಲ್ಲೇ ಕಟ್ಟಿ, ಈ ಗ್ರಂಥಿಗಳನ್ನು ನಾಜೂಕಾಗಿ ಬಿಡಿಸಿಡುತ್ತಾರೆ. ರಕ್ತ ಸಿಗದೆ ಕಪ್ಪಾದ ಗ್ರಂಥಿಯನ್ನು ಸಣ್ಣ ಚೂರು ಮಾಡಿ ಕುತ್ತಿಗೆಯ ಸ್ನಾಯುವಿನೊಳಗೆ ನೆಡುತ್ತಾರೆ; ಅಲ್ಲಿ ಅದು ಮತ್ತೆ ಚಿಗುರಬಲ್ಲದು. ಇಷ್ಟೆಲ್ಲ ಮಾಡಿದರೂ ಕೆಲವರಲ್ಲಿ ಕ್ಯಾಲ್ಸಿಯಂ ಇಳಿಯುತ್ತದೆ. ಹೆಚ್ಚಿನವರಿಗೆ ಕೆಲ ವಾರ, ತಿಂಗಳುಗಳಲ್ಲಿ ಸರಿಹೋಗುತ್ತದೆ. ಕೆಲವರಿಗೆ ಜೀವನವಿಡೀ ಮಾತ್ರೆ ಬೇಕಾಗುತ್ತದೆ. ಅರ್ಧ ಥೈರಾಯ್ಡ್ ಮಾತ್ರ ತೆಗೆದಾಗ ಈ ಭಯ ಬಹಳ ಕಡಿಮೆ.

ನೀವು ಕೇಳಬೇಕಾದದ್ದು

- ಆಪರೇಷನ್‌ಗೆ ಮುನ್ನ: ಪೂರ್ತಿ ತೆಗೆಯುವುದು ಅನಿವಾರ್ಯವೇ? ಕ್ಯಾಲ್ಸಿಯಂ, ವಿಟಮಿನ್ ಡಿ ಪರೀಕ್ಷೆ ಆಗಿದೆಯೇ? ಬಿಸಿಲು ಕಾಣದೆ ಮನೆಯೊಳಗೇ ಇರುವ ನಮ್ಮ ಹೆಣ್ಣುಮಕ್ಕಳು ಇದನ್ನು ಮರೆಯಬಾರದು.
- ಮನೆಗೆ ಹೊರಡುವ ಮುನ್ನ: ಇವತ್ತಿನ ಕ್ಯಾಲ್ಸಿಯಂ ಎಷ್ಟು? ಮತ್ತೆ ಯಾವಾಗ ಪರೀಕ್ಷೆ? ಯಾವ ಮಾತ್ರೆ, ಎಷ್ಟು ದಿನ?

ಮನೆಯಲ್ಲಿ ಎಚ್ಚರ

ಸಾಮಾನ್ಯವಾಗಿ ಮೊದಲ ಮೂರ್ನಾಲ್ಕು ದಿನಗಳಲ್ಲೇ ತೊಂದರೆ ಕಾಣಿಸುತ್ತದೆ. ತುಟಿ, ಬೆರಳು ಜುಮ್ಮೆಂದರೆ ಕೂಡಲೇ ಸರ್ಜನ್‌ಗೆ ಫೋನ್ ಮಾಡಿ. ಕೈಕಾಲು ಸೆಟೆದರೆ, ಉಸಿರು ಕಟ್ಟಿದರೆ, ಫಿಟ್ಸ್ ಬಂದರೆ 108ಕ್ಕೆ ಕರೆ ಮಾಡಿ. 60 ಕಿ.ಮೀ. ದೂರದ ಮೈಸೂರಿಗೇ ಹೋಗಬೇಕೆಂದು ಕಾಯದೆ ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ. ಆಪರೇಷನ್ ಆಗಿರುವ ವಿಷಯವನ್ನು ಅಲ್ಲಿ ಮೊದಲೇ ಹೇಳಿ. ದುಆ ಮಾಡಿ, ಆದರೆ ದಾರಿಯಲ್ಲಿ ಮಾಡಿ. ಮನೆಯಲ್ಲಿ ಕುಳಿತು ತಡಮಾಡಬೇಡಿ.

ಥೈರಾಯ್ಡ್ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯ ನಡುವೆ ನಾಲ್ಕು ಗಂಟೆ ಅಂತರವಿರಲಿ. ಒಟ್ಟಿಗೆ ನುಂಗಿದರೆ ಥೈರಾಯ್ಡ್ ಮಾತ್ರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ರಮಝಾನ್ ಹತ್ತಿರವಿದ್ದರೆ ರೋಝಾ ಹಿಡಿಯುವ ಮುನ್ನ ವೈದ್ಯರನ್ನು ಕೇಳಿ. ರೋಗಿಗೆ ಮುಂದೆ ಕಝಾ ತೀರಿಸುವ ಅವಕಾಶವನ್ನು ದೀನ್ ಕೊಟ್ಟಿದೆ.

ಕೊನೆಗೆ ನನ್ನ ವೃತ್ತಿಯ ಮಾತು. ನಮ್ಮ ಯುನಾನಿಯಲ್ಲಿ ಹವಳ, ಚಿಪ್ಪಿನ ಕುಶ್ತಾಗಳಿವೆ. ಅವುಗಳಲ್ಲಿ ಕ್ಯಾಲ್ಸಿಯಂ ಇದೆ ನಿಜ. ರಾಗಿಯಲ್ಲೂ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಇದೆ, ಮುದ್ದೆ ಧಾರಾಳವಾಗಿ ಉಣ್ಣಿ. ಆದರೆ ಈ ನಾಲ್ಕು ಗ್ರಂಥಿಗಳು ಸುಮ್ಮನಾದಾಗ ಇವು ಸಾಲುವುದಿಲ್ಲ. ಯಾವ ಹಕೀಮರಾದರೂ ಸಾಲುತ್ತದೆ ಎಂದರೆ, ದಯವಿಟ್ಟು ಅಲ್ಲಿಂದೆದ್ದು ಆಸ್ಪತ್ರೆಗೆ ಹೋಗಿ.