ಅರ್ಧಶಕ್ತಿಯ ಪಾಠ

ಕಳೆದ ಚಳಿಗಾಲದಲ್ಲಿ ನಮ್ಮ ಮೊಮ್ಮಕ್ಕಳಿಬ್ಬರ ಮಲ್ಲಕಂಬ ಸ್ಪರ್ಧೆಯನ್ನು ನೋಡಲು ಮನೆಮಂದಿಯೆಲ್ಲ ಕೂಡಿ ಹೋಗಿದ್ದೆವು. ಹನ್ನೊಂದು ವರ್ಷದ ಮೊಮ್ಮಗಳು ಹಗ್ಗದ ಮೇಲೆ, ಹದಿಮೂರು ವರ್ಷದ ಮೊಮ್ಮಗ ಕಂಬದ ಮೇಲೆ ತಮ್ಮ ವಿದ್ಯೆಯನ್ನು ತೋರಿಸುವವರಿದ್ದರು.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿಯೇ ಮಲ್ಲರ ಕಂಬಸಾಧನೆಯ ಉಲ್ಲೇಖವಿದೆ. ನುಣುಪಾದ ಕಂಬಕ್ಕೆ ಹರಳೆಣ್ಣೆ ಸವರಿರುತ್ತಾರೆ. ಅದನ್ನು ಏರಿ, ಸುಮಾರು 90 ಸೆಕೆಂಡುಗಳೊಳಗೆ ಆಸನಗಳನ್ನೆಲ್ಲ ತೋರಿಸಿ ಇಳಿಯಬೇಕು. ಇಷ್ಟು ಅಲ್ಪಕಾಲದ ಹಿಂದೆ ವರ್ಷಗಳ ಅಭ್ಯಾಸವಿರುತ್ತದೆ.

ಸ್ಪರ್ಧೆಗೆ ಹತ್ತು ದಿನ ಮೊದಲು ಮೊಮ್ಮಗನು, “ಅಜ್ಜಾ, ಮಣಿಕಟ್ಟು ನೋಯ್ತೈತಿ” ಎಂದಿದ್ದ. ನಾವು ತೈಲ ಸವರಿ, ಪಟ್ಟಿ ಕಟ್ಟಿ, “ಸ್ಪರ್ಧೆ ಮುಗಿಯೋತನಕ ತಡಕೋ” ಎಂದೆವು. ಅಂದು ಕಂಬವೇರಿದ ಹುಡುಗ ಅರ್ಧದಲ್ಲಿಯೇ ತಾನಾಗಿ ಕೆಳಗಿಳಿದು, ಕಂಬಕ್ಕೆ ನಮಸ್ಕರಿಸಿ ಹೊರಬಂದ. ನಾಲ್ಕು ಜನರ ಎದುರು ನಮಗೆ ಮುಖಭಂಗವಾದಂತಾಯಿತು. “ಇನ್ನೊಂದು ಅರೆನಿಮಿಷ ತಡೀಲಿಕ್ಕೆ ಆಗಲಿಲ್ಲೇನು?” ಎಂದು ಕೇಳಿಯೇಬಿಟ್ಟೆವು. “ಹಿಡಿತ ಸಿಗಲಿಲ್ಲ ಅಜ್ಜಾ. ಬಿದ್ದಿದ್ರ?” ಎಂದ. ನಮ್ಮಲ್ಲಿ ಉತ್ತರವಿರಲಿಲ್ಲ.

ಮರುದಿನ ಎಕ್ಸ್‌ರೇ ತೆಗೆಸಿದಾಗ, ಮಣಿಕಟ್ಟಿನ ಬಳಿ ಎಲುಬು ಬೆಳೆಯುವ ಮೆದುವಾದ ಪದರಕ್ಕೆ ಪೆಟ್ಟಾಗಿರುವುದು ತಿಳಿಯಿತು. ಮೈಭಾರವೆಲ್ಲ ಕೈಮೇಲೆ ಬೀಳುವ ಆಟಗಳಲ್ಲಿ ಮಕ್ಕಳಿಗೆ ಹೀಗಾಗುವುದುಂಟು. ಅಲಕ್ಷಿಸಿದರೆ ಆ ಎಲುಬಿನ ಬೆಳವಣಿಗೆಯೇ ಕುಂಠಿತವಾಗಬಹುದು.

ಹಲವು ದಶಕಗಳಿಂದ ರೋಗಿಗಳಿಗೆ ನಾವು ಹೇಳುತ್ತ ಬಂದ ಮಾತೊಂದಿದೆ: ವ್ಯಾಯಾಮವು ಅರ್ಧಶಕ್ತಿಯಷ್ಟೇ ಇರಲಿ. ಇದು ವಾಗ್ಭಟಾಚಾರ್ಯರ ಉಪದೇಶ. ಬಲಶಾಲಿಯಾಗಿದ್ದು ಸ್ನಿಗ್ಧ ಆಹಾರವನ್ನುಣ್ಣುವವನು ಸಹ ಶೀತಕಾಲದಲ್ಲಿ ಮತ್ತು ವಸಂತದಲ್ಲಿ ತನ್ನ ಬಲದ ಅರ್ಧವನ್ನು ಮಾತ್ರ ಬಳಸಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ. ಹಣೆ, ಮೂಗು, ಕಂಕುಳಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಉಸಿರು ಬಾಯಿಗೆ ಬರುವುದೇ ಅರ್ಧಬಲದ ಗುರುತು. ಮಿತಿ ಮೀರಿದರೆ ಬಾಯಾರಿಕೆ, ಕ್ಷಯ, ಉಬ್ಬಸ, ಕೆಮ್ಮು, ಜ್ವರಗಳು ಬರುತ್ತವೆಂದು ಅವರು ಎಚ್ಚರಿಸಿದ್ದಾರೆ. ಹದಿನಾರು ವರ್ಷದವರೆಗೆ ಧಾತುಗಳು ಪಕ್ವವಾಗಿರುವುದಿಲ್ಲವೆಂದು ಚರಕಸಂಹಿತೆ ಹೇಳುತ್ತದೆ. ಇದನ್ನೆಲ್ಲ ಬಲ್ಲ ನಾವು ಮನೆಯ ಮಗುವಿನ ವಿಷಯದಲ್ಲಿಯೇ ಮರೆತೆವು. ಮರೆಸಿದ್ದು ಕಪ್ಪಿನ ಆಸೆ. ಹುಡುಗನು ಶಾಸ್ತ್ರ ಓದದೆಯೇ ತನ್ನ ಮಿತಿಯನ್ನು ಅರಿತು ಇಳಿದ.

ಮಕ್ಕಳನ್ನು ಆಟದಿಂದ ಬಿಡಿಸಬೇಕೆಂದು ನಾವು ಹೇಳುತ್ತಿಲ್ಲ. ದೇಹದ ಲಾಘವ, ದೃಢತೆ, ದೀಪ್ತವಾದ ಜಠರಾಗ್ನಿ ಇವೆಲ್ಲ ವ್ಯಾಯಾಮದ ಫಲಗಳೇ. ಹಿರಿಯರು ಇಷ್ಟನ್ನು ಗಮನಿಸಬೇಕು:

• ಉಂಡ ಕೂಡಲೇ, ಅಜೀರ್ಣವಾದಾಗ, ಜ್ವರವಿದ್ದಾಗ ಅಭ್ಯಾಸ ಬೇಡ.
• ಅಭ್ಯಾಸದ ಬಳಿಕ ಮೈಯನ್ನು ಹಿತವಾಗಿ ತಿಕ್ಕಬೇಕು. ದಣಿವಾರಿದ ಮೇಲೆಯೇ ಸ್ನಾನ.
• ಹಾಲು, ತುಪ್ಪ, ಹೆಸರುಬೇಳೆ, ಸಾಕಷ್ಟು ನಿದ್ರೆ ತಪ್ಪಬಾರದು.
• ಒಂದೇ ಕೀಲಿನ ನೋವು ವಾರ ಕಳೆದರೂ ಮಾಯದಿದ್ದರೆ, ಅಥವಾ ಬಾವು ಕಂಡರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ ಪರೀಕ್ಷೆ ಮಾಡಿಸಬೇಕು.
• ನೋವನ್ನು ಹೇಳಿಕೊಂಡ ಮಗುವನ್ನು ಅಂಜುಬುರುಕನೆನ್ನಬಾರದು. ಹಾಗೆಂದರೆ ಮುಂದಿನ ಸಲ ಅದು ನೋವನ್ನು ಮುಚ್ಚಿಡುತ್ತದೆ.

ಮೂರು ತಿಂಗಳ ವಿಶ್ರಾಂತಿಯ ನಂತರ ಮೊಮ್ಮಗನು ಮತ್ತೆ ಅಭ್ಯಾಸಕ್ಕೆ ಹೋಗುತ್ತಿದ್ದಾನೆ. ಈಗ ಸಂಜೆ ಮನೆಗೆ ಬಂದ ಕೂಡಲೇ, “ಕೈ ಹ್ಯಾಂಗೈತಿ?” ಎಂಬುದೇ ನಮ್ಮ ಮೊದಲ ಪ್ರಶ್ನೆ. ಅವನು ಅಂಗೈ ಚಾಚುತ್ತಾನೆ. ನಾವು ಮಣಿಕಟ್ಟನ್ನು ಒತ್ತಿ ನೋಡುತ್ತೇವೆ. ಎಷ್ಟು ಎತ್ತರ ಏರಿದನೆಂಬುದನ್ನು ಆಮೇಲೆ ಅವನೇ ಹೇಳುತ್ತಾನೆ.